ಹ್ವೇ ಊರಿನಲ್ಲಿ ಗಂಡ ಹೆಂಡತಿಗೆ ಒಂದು ದಿನ: ಒಂದೇ ಸಮಾಧಿ, ಐದು ಸಲ ತಿಂಡಿ

ಮಧ್ಯ ವಿಯೆಟ್ನಾಂನ ಹ್ವೇಗೆ ನಾವಿಬ್ಬರೂ ಎರಡು ಸಲ ಹೋಗಿದ್ದೇವೆ. ಮೊದಲ ಸಲ ಒಂದೇ ದಿನದಲ್ಲಿ ಅರಮನೆ, ಮೂರು ರಾಜರ ಸಮಾಧಿ, ಪಗೋಡ, ಮಾರುಕಟ್ಟೆ ಎಲ್ಲವನ್ನೂ ಮುಗಿಸಿದೆವು. ಅದು ಜೂನ್ ತಿಂಗಳು. ಮೂರನೇ ಸಮಾಧಿಗೆ 127 ಮೆಟ್ಟಿಲು. ಅರ್ಧ ಹತ್ತುವಷ್ಟರಲ್ಲಿ ನನಗೆ ತಲೆ ಸುತ್ತಿತು. ಸಂಜೆ ಇಬ್ಬರಿಗೂ ಮಾತೇ ಬೇಡವಾಗಿತ್ತು. ರಾತ್ರಿ ಏನು ತಿಂದೆವು ಅಂತ ಈಗ ಕೇಳಿದರೆ ನೆನಪಿಲ್ಲ.

ಎರಡನೇ ಸಲ ಮಾರ್ಚ್‌ನಲ್ಲಿ ಹೋದೆವು. ನೋಡಿದ್ದು ಮೊದಲಿನ ಅರ್ಧದಷ್ಟು. ಮಧ್ಯಾಹ್ನ ಎರಡು ಗಂಟೆ ಮಲಗಿದ್ದೂ ಆಯಿತು. ಆ ದಿನ ಮಾತ್ರ ಗಂಟೆ ಗಂಟೆಯೂ ನೆನಪಿದೆ. ಕೆಳಗೆ ಬರೆದಿರುವುದು ಆ ಎರಡನೇ ದಿನದ ಲೆಕ್ಕ. ಒಂದೇ ದಿನ ಕೈಯಲ್ಲಿದ್ದರೆ ಹೀಗೆ ಮಾಡಿ ಅಂತ ನಮ್ಮ ಮನೆಯವರಿಗೆ ಹೇಳುವ ಹಾಗೇ ನಿಮಗೂ ಹೇಳುತ್ತೇನೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ನಾನು ತುಮಕೂರಿನ ಕಡೆಯವಳು, ಸಸ್ಯಾಹಾರಿ. ನನ್ನವರು ಮಂಗಳೂರಿನವರು, ಮೀನು, ಮಾಂಸ ಎಲ್ಲಾ ತಿನ್ನುತ್ತಾರೆ. ಬೇರೆ ಊರುಗಳಲ್ಲಿ ಒಬ್ಬರು ಊಟ ಮಾಡುವಾಗ ಇನ್ನೊಬ್ಬರು ಬಾಳೆಹಣ್ಣು ತಿಂದು ಕೂರಬೇಕಾಗುತ್ತಿತ್ತು. ಹ್ವೇಯಲ್ಲಿ ಹಾಗಾಗಲಿಲ್ಲ. ಇಲ್ಲಿ ಪಗೋಡಗಳು ಜಾಸ್ತಿ, ಬೌದ್ಧ ಮನೆತನಗಳು ಜಾಸ್ತಿ. ಹಾಗಾಗಿ ಸಸ್ಯಾಹಾರದ ಅಡುಗೆ ಇಲ್ಲಿ ಮನೆ ಮನೆಯಲ್ಲಿ ಬೆಳೆದಿದೆ. ಗಂಡ ಹೆಂಡತಿಯರಲ್ಲಿ ಒಬ್ಬರು ತಿನ್ನುವವರು, ಒಬ್ಬರು ತಿನ್ನದವರು ಇದ್ದರೆ ವಿಯೆಟ್ನಾಂನಲ್ಲಿ ಮೊದಲು ಹೋಗಬೇಕಾದ ಊರು ಇದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೊರಡುವ ಮೊದಲು

ಊರಿನ ಹೆಸರನ್ನು ಕೆಲವರು ‘ಹ್ಯೂ’ ಎಂದು ಓದುತ್ತಾರೆ. ಅಲ್ಲಿಯವರ ಬಾಯಲ್ಲಿ ಅದು ‘ಹ್ವೇ’. 1802ರಿಂದ 1945ರವರೆಗೆ ಇದು ಇಡೀ ವಿಯೆಟ್ನಾಂನ ರಾಜಧಾನಿ. ಆಳಿದ್ದು ಙುಯೆನ್ ವಂಶದ 13 ರಾಜರು. ಒಂದನೇ ತರಗತಿಯಲ್ಲಿ ಕಲಿತ ಮೇಲೆ ಯಾವ ಪದದ ಮೊದಲಲ್ಲೂ ಕಾಣದ ನಮ್ಮ ‘ಙ’ ಅಕ್ಷರ ಇಲ್ಲಿ ಬೀದಿ ಬೀದಿಯ ಹೆಸರಿನಲ್ಲಿ ಸಿಗುತ್ತದೆ. ಕನ್ನಡ ಬಲ್ಲವರಿಗೆ ಈ ಉಚ್ಚಾರಣೆ ಕಷ್ಟವಿಲ್ಲ, ಧೈರ್ಯವಾಗಿ ಹೇಳಿ.

ತಿಂಗಳು: ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯದು. ಮೇಯಿಂದ ಆಗಸ್ಟ್ ವಿಪರೀತ ಸೆಕೆ. ಅಕ್ಟೋಬರ್, ನವೆಂಬರ್‌ನಲ್ಲಿ ಜಡಿಮಳೆ. ನದಿ ಉಕ್ಕಿ ಊರೊಳಗೆ ನೀರು ಬರುವುದು ಅಲ್ಲಿಯವರಿಗೆ ಹೊಸದಲ್ಲ. ಆ ಎರಡು ತಿಂಗಳು ಬೇಡ.

ವೀಸಾ: ಭಾರತೀಯರಿಗೆ ಇ-ವೀಸಾ ಸಿಗುತ್ತದೆ. 2023ರ ಆಗಸ್ಟ್‌ನಿಂದ 90 ದಿನದವರೆಗೂ ಕೊಡುತ್ತಾರೆ. ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಿ, ಮಧ್ಯವರ್ತಿ ಬೇಕಿಲ್ಲ.

ದುಡ್ಡು: ಒಂದು ರೂಪಾಯಿಗೆ ಸುಮಾರು 300 ಡಾಂಗ್ ಎಂದು ಲೆಕ್ಕ ಇಟ್ಟುಕೊಳ್ಳಿ. ಕೊನೆಯ ಮೂರು ಸೊನ್ನೆ ತೆಗೆದು, ಉಳಿದದ್ದನ್ನು ಮೂರೂಕಾಲರಿಂದ ಗುಣಿಸಿದರೆ ರೂಪಾಯಿ ಬರುತ್ತದೆ. 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಒಂದು ಅರವತ್ತೈದು ರೂಪಾಯಿ, ಇನ್ನೊಂದು ಸಾವಿರದ ಆರುನೂರು ಚಿಲ್ಲರೆ. ಸಂಜೆ ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ದೊಡ್ಡ ನೋಟನ್ನು ಪರ್ಸಿನ ಬೇರೆ ಖಾನೆಯಲ್ಲಿಡಿ.

ಓಡಾಟ: ಬಾಡಿಗೆ ಕಾರು ಕರೆಸುವ ಗ್ರ್ಯಾಬ್ ಆ್ಯಪ್ ಇಲ್ಲಿ ಕೆಲಸ ಮಾಡುತ್ತದೆ. ದರ ಮೊದಲೇ ಕಾಣುವುದರಿಂದ ಚೌಕಾಸಿ ಇಲ್ಲ. ಸ್ಕೂಟರ್ ಬಾಡಿಗೆಗೆ ಎಲ್ಲಾ ಕಡೆ ಸಿಗುತ್ತದೆ, ಆದರೆ ತೆಗೆದುಕೊಳ್ಳಬೇಡಿ. ನಮ್ಮ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ್ದು. ವಿಯೆಟ್ನಾಂ ಒಪ್ಪುವುದು 1968ರ ಒಪ್ಪಂದದ್ದು. ಅಂದರೆ ಅಲ್ಲಿ ನಾವು ಪರವಾನಗಿ ಇಲ್ಲದವರೇ. ಏನಾದರೂ ಆದರೆ ಪ್ರಯಾಣ ವಿಮೆಯವರು ಕೈ ಎತ್ತುತ್ತಾರೆ. ಸೈಕಲ್ ಬೇಕಾದರೆ ಧಾರಾಳವಾಗಿ ತೆಗೆದುಕೊಳ್ಳಿ, ಊರು ಮಟ್ಟಸವಾಗಿದೆ.

ಇನ್ನು ಸಸ್ಯಾಹಾರಿಗಳು ಕಲಿಯಬೇಕಾದ ಒಂದು ಪದ: ‘ಚಾಯ್’. ಇದಕ್ಕೂ ಟೀಗೂ ಸಂಬಂಧವಿಲ್ಲ. ಚಾಯ್ ಎಂದರೆ ಬೌದ್ಧರ ಸಸ್ಯಾಹಾರ. ‘ತೊಯ್ ಆನ್ ಚಾಯ್’ ಎಂದರೆ ‘ನಾನು ಸಸ್ಯಾಹಾರಿ’. ಬರೀ ‘ಮಾಂಸ ಬೇಡ’ ಅಂದರೆ ಸಾಲುವುದಿಲ್ಲ. ಮೀನಿನ ರಸ, ಅವರು ‘ನುಒಕ್ ಮಾಮ್’ ಎನ್ನುವುದು, ನಮ್ಮಲ್ಲಿ ಉಪ್ಪು ಹಾಕಿದಷ್ಟು ಸಹಜವಾಗಿ ಎಲ್ಲದಕ್ಕೂ ಬೀಳುತ್ತದೆ. ಮೊದಲ ಸಲ ಹೋದಾಗ ಒಂದು ಅಂಗಡಿಯಲ್ಲಿ ತರಕಾರಿ ಸಾರು ಅಂತ ಕೊಟ್ಟರು. ನೋಡಲು ಬರೀ ಸೊಪ್ಪು, ತೋಫು. ಎರಡು ಚಮಚ ಕುಡಿದ ಮೇಲೆ ನನ್ನವರು ವಾಸನೆ ನೋಡಿ ಕೈ ಹಿಡಿದರು. ‘ಚಾಯ್’ ಎಂಬ ಪದ ನನಗೆ ಆಗ ಗೊತ್ತಿದ್ದರೆ ಹಾಗಾಗುತ್ತಿರಲಿಲ್ಲ. ಆ ಸಾಲನ್ನು ವಿಯೆಟ್ನಾಮೀ ಲಿಪಿಯಲ್ಲೇ ಫೋನಿನಲ್ಲಿ ಬರೆದಿಟ್ಟುಕೊಂಡು ತೋರಿಸಿ. ಆ ಭಾಷೆಯಲ್ಲಿ ಸ್ವರ ಸ್ವಲ್ಪ ಏರುಪೇರಾದರೂ ಅರ್ಥ ಬದಲಾಗುತ್ತದೆ. ಬರೆದದ್ದು ಬದಲಾಗುವುದಿಲ್ಲ, ಅಲ್ವಾ?

ಆಗುವುದಾದರೆ ಚಾಂದ್ರಮಾನ ತಿಂಗಳ ಮೊದಲ ದಿನ ಅಥವಾ ಹುಣ್ಣಿಮೆಯ ದಿನಕ್ಕೆ ಹೊಂದಿಸಿ ಹೋಗಿ. ನಮ್ಮ ಏಕಾದಶಿಯ ಹಾಗೆ ಆ ಎರಡು ದಿನ ಮಾಂಸ ಬಿಡುವ ಜನ ಬಹಳ. ದಿನವೂ ದನದ ಮಾಂಸದ ಸಾರು ಮಾರುವವರಲ್ಲೂ ಕೆಲವರು ಅಂದು ಚಾಯ್ ಮಾಡುತ್ತಾರೆ.

ಬೆಳಿಗ್ಗೆ 6: ತಿಂಡಿ

ಹ್ವೇ ಬೇಗ ಏಳುವ ಊರು. ಆರು ಗಂಟೆಗೆ ಫುಟ್‌ಪಾತಿನ ಚಿಕ್ಕ ಪ್ಲಾಸ್ಟಿಕ್ ಸ್ಟೂಲುಗಳು ತುಂಬಿರುತ್ತವೆ. ಎಂಟೂವರೆ ಆದರೆ ಒಳ್ಳೆಯ ಪಾತ್ರೆಗಳು ಖಾಲಿ.

ತಿನ್ನುವವರಿಗೆ ಎರಡು ಆಯ್ಕೆ. ಮೊದಲನೆಯದು ‘ಬುನ್ ಬೊ ಹ್ವೇ’. ‘ಬುನ್’ ಎಂದರೆ ಅಕ್ಕಿಯ ಶ್ಯಾವಿಗೆ. ನೋಡಿದ ತಕ್ಷಣ ನಮ್ಮ ಒತ್ತು ಶ್ಯಾವಿಗೆ ನೆನಪಾಗುತ್ತದೆ. ಅಕ್ಕಿ ಹಿಟ್ಟನ್ನು ಒತ್ತಿ ಎಳೆ ತೆಗೆಯುವ ರೀತಿಯೂ ಹತ್ತಿರದ್ದೇ. ಅದರ ಮೇಲೆ ದನದ ಮಾಂಸ, ಹಂದಿ ಮಾಂಸದ ಖಾರ ಸಾರು. ಅದಕ್ಕೆ ಮಜ್ಜಿಗೆ ಹುಲ್ಲು ಮತ್ತು ಸೀಗಡಿಯ ಹುದುಗು ಹಾಕಿರುತ್ತಾರೆ. ದನ, ಹಂದಿ ತಿನ್ನದವರು ಇದನ್ನು ಬಿಡಿ. ಎರಡನೆಯದು ‘ಕೊಮ್ ಹೆನ್’. ಇದು ನದಿಯ ನಡುಗಡ್ಡೆಯಾದ ಕೊನ್ ಹೆನ್‌ನ ತಿಂಡಿ. ಆರಿದ ಅನ್ನದ ಮೇಲೆ ಉಗುರಿನಷ್ಟು ಚಿಕ್ಕ ಚಿಪ್ಪುಮಾಂಸ, ಕಡಲೆಕಾಯಿ, ಸೊಪ್ಪು, ಮೆಣಸಿನಕಾಯಿ. ಪಕ್ಕದಲ್ಲಿ ಅದೇ ಚಿಪ್ಪು ಬೇಯಿಸಿದ ಬಿಸಿ ನೀರು. ಇದು ಬಡವರ ಊಟವಾಗಿ ಶುರುವಾದದ್ದು, ಈಗಲೂ ಅಗ್ಗ. ನನ್ನವರು ಒಂದು ತುತ್ತು ತಿಂದು, “ನಮ್ಮ ಮರುವಾಯಿ ಕಣೇ ಇದು, ತೆಂಗಿನಕಾಯಿ ಒಂದು ಬಿಟ್ಟಿದ್ದಾರೆ ಅಷ್ಟೇ” ಎಂದು ಇನ್ನೊಂದು ಬಟ್ಟಲು ಹೇಳಿದರು.

ನನಗೆ ‘ಬುನ್ ಚಾಯ್’. ಅದೇ ಶ್ಯಾವಿಗೆ, ಅದೇ ಮಜ್ಜಿಗೆ ಹುಲ್ಲಿನ ಪರಿಮಳ, ಮಾಂಸದ ಬದಲು ಅಣಬೆ ಮತ್ತು ತೋಫು. ಸಾರಿಗೆ ತರಕಾರಿಯ ಸಿಹಿ ಇರುತ್ತದೆ. ಜೊತೆಗೆ ಒಂದು ತಟ್ಟೆ ತುಂಬ ಹಸಿ ಸೊಪ್ಪು, ನಿಂಬೆ ಹೋಳು, ಸಣ್ಣಗೆ ಹೆಚ್ಚಿದ ಬಾಳೆಹೂವು. “ಪೂಂಬೆ!” ಎಂದು ಇವರು ಖುಷಿಪಟ್ಟರು. ಆ ಸೊಪ್ಪನ್ನು ಬಿಸಿ ಸಾರಿಗೆ ಸ್ವಲ್ಪ ಸ್ವಲ್ಪವೇ ಹಾಕಿಕೊಂಡು ತಿನ್ನಬೇಕು. ಒಮ್ಮೆಲೇ ಹಾಕಿದರೆ ಸಾರು ಆರಿಹೋಗುತ್ತದೆ. ಹ್ವೇಯ ಅಡುಗೆ ವಿಯೆಟ್ನಾಂನ ಬೇರೆ ಊರುಗಳಿಗಿಂತ ಖಾರ. ನಮ್ಮ ನಾಲಿಗೆಗೆ ಅದು ನೆಮ್ಮದಿ.

ಒಂದು ಬಟ್ಟಲಿಗೆ ಸಾಮಾನ್ಯವಾಗಿ 30,000ದಿಂದ 50,000 ಡಾಂಗ್. ಕೊಮ್ ಹೆನ್ ಅದಕ್ಕಿಂತ ಕಡಿಮೆ. ಚಾಯ್ ಅಂಗಡಿ ಮತ್ತು ಮಾಂಸದ ಅಂಗಡಿ ಒಂದೇ ಬೀದಿಯಲ್ಲಿ ಹತ್ತಿರ ಹತ್ತಿರ ಇರುವುದುಂಟು. ಒಬ್ಬರದು ಮುಗಿದ ಮೇಲೆ ಇನ್ನೊಬ್ಬರದು ಅಂತ ಮಾಡಿ. ಎದುರು ಕೂತು ನೋಡುವುದೂ ಚೆನ್ನ.

ಬೆಳಿಗ್ಗೆ 7: ಅರಮನೆ

ಕೋಟೆಯೊಳಗಿನ ಅರಮನೆ ಏಳಕ್ಕೆಲ್ಲಾ ತೆರೆದಿರುತ್ತದೆ. ಟಿಕೆಟ್ ಒಬ್ಬರಿಗೆ 2,00,000 ಡಾಂಗ್. ಸಮಾಧಿಗಳ ಜೊತೆ ಸೇರಿಸಿದ ಟಿಕೆಟ್ ಕೂಡ ಮಾರುತ್ತಾರೆ. ನೀವು ಒಂದೇ ಸಮಾಧಿಗೆ ಹೋಗುವುದರಿಂದ ಅದು ಬೇಡ. ಎರಡು ಮೂರು ಸಮಾಧಿ ಸೇರಿದ ಟಿಕೆಟ್ ಕೈಗೆ ಬಂದರೆ, ದುಡ್ಡು ಕೊಟ್ಟಾಗಿದೆಯಲ್ಲ ಅಂತ ಮನಸ್ಸು ಓಡಲು ಶುರುಮಾಡುತ್ತದೆ. ನಾವು ಮೊದಲ ಸಲ ಸಿಕ್ಕಿಬಿದ್ದದ್ದು ಹೀಗೇ.

ಒಳಗೆ ಹೋಗುವುದು ದಕ್ಷಿಣದ ಙೋ ಮೋನ್ ಬಾಗಿಲಿಂದ. ಇದನ್ನು ಕಟ್ಟಿದ್ದು 1833ರಲ್ಲಿ. ಐದು ದಾರಿಗಳಲ್ಲಿ ನಡುವಿನದು ರಾಜನಿಗೆ ಮಾತ್ರ. ಅದರ ಆಚೀಚೆಯದು ಅಧಿಕಾರಿಗಳಿಗೆ, ಕೊನೆಯ ಎರಡು ಸೈನಿಕರಿಗೆ, ಆನೆ ಕುದುರೆಗಳಿಗೆ. ಬಾಗಿಲ ಮೇಲಿನ ಮಂಟಪಕ್ಕೆ ತಪ್ಪದೆ ಹತ್ತಿ. ಕೊನೆಯ ರಾಜ ಬಾವೊ ದಾಯ್ 1945ರ ಆಗಸ್ಟ್ 30ರಂದು ಇಲ್ಲೇ ನಿಂತು ಮುದ್ರೆ, ಕತ್ತಿ ಒಪ್ಪಿಸಿ ಸಿಂಹಾಸನ ಬಿಟ್ಟಿದ್ದು.

ಬಾಗಿಲು ದಾಟಿದರೆ ಥಾಯ್ ಹ್ವಾ, ಸಿಂಹಾಸನದ ಸಭಾಂಗಣ. ಕೆಂಪು ಅರಗು ಬಳಿದು ಚಿನ್ನದ ಬಣ್ಣದ ಡ್ರ್ಯಾಗನ್ ಬರೆದ 80 ಮರದ ಕಂಬಗಳು. ಬಹಳ ಕಾಲದ ದುರಸ್ತಿ ಮುಗಿದು 2024ರ ನವೆಂಬರ್‌ನಲ್ಲಿ ಮತ್ತೆ ತೆರೆದಿದ್ದಾರೆ. ಏಳೂವರೆಯ ಒಳಗೆ ಹೋದರೆ ಅದು ನಿಮ್ಮಿಬ್ಬರದೇ. ಗುಂಪುಗಳ ಬಸ್ಸು ಬರುವುದು ಎಂಟೂವರೆಯ ಮೇಲೆ.

ಅದರ ಹಿಂದೆ ಹೋದರೆ ಒಂದು ದೊಡ್ಡ ಬಯಲು. ಸುಮ್ನೆ ಹುಲ್ಲು. ತುಂಬ ಜನ ಇಲ್ಲಿ ಏನೂ ಇಲ್ಲ ಎಂದು ಬೇಗ ದಾಟಿಬಿಡುತ್ತಾರೆ. ಇಲ್ಲಿ ನಿಲ್ಲಿ. ರಾಜ, ರಾಣಿಯರು ಇದ್ದ ಒಳ ಅರಮನೆ ಇದ್ದದ್ದು ಇಲ್ಲಿ. 1947ರ ಯುದ್ಧದಲ್ಲಿ ಬಹುಭಾಗ ಸುಟ್ಟುಹೋಯಿತು. 1968ರ ಆರಂಭದಲ್ಲಿ ಈ ಊರಿಗಾಗಿ ಸುಮಾರು ಒಂದು ತಿಂಗಳು ಕಾದಾಟ ನಡೆಯಿತು, ಉಳಿದದ್ದರಲ್ಲೂ ಎಷ್ಟೋ ಹೋಯಿತು. ಗೋಡೆಗಳಲ್ಲಿ ಗುಂಡಿನ ತೂತು ಇನ್ನೂ ಕಾಣುತ್ತವೆ. ಹಂಪಿಯ ಬಜಾರಿನಲ್ಲಿ ನಿಂತಾಗ ಆಗುವ ಸಂಕಟ ನನಗೆ ಅಲ್ಲಿ ಆಯಿತು. ಆದರೆ ಹಂಪಿಯದು ಹಳೆಯ ಗಾಯ, ಇದು ನಮ್ಮ ಅಪ್ಪ ಅಮ್ಮನ ಕಾಲದ್ದು. ಬಯಲಿನ ತುದಿಯಲ್ಲಿ ಹೊಳೆಯುವ ಕಟ್ಟಡ ಕಿಯೆನ್ ಟ್ರುಂಗ್. ಅದೂ ಪೂರ್ತಿ ನಾಶವಾಗಿತ್ತು. ಮತ್ತೆ ಕಟ್ಟಿ 2024ರಲ್ಲಿ ತೆರೆದರು.

ಕೊನೆಗೆ ಪಶ್ಚಿಮದ ಮೂಲೆಯ ಥೆ ಮಿಯೆವ್‌ಗೆ ಬನ್ನಿ. ಇದು ರಾಜರ ಪಿತೃಗಳ ಗುಡಿ. ಭುಜ, ಮೊಣಕಾಲು ಮುಚ್ಚಿರಬೇಕು. ಇದರ ಎದುರಿಗೆ ಒಂಬತ್ತು ಕಂಚಿನ ಹಂಡೆಗಳು ಸಾಲಾಗಿ ನಿಂತಿವೆ. 1835ರಿಂದ 1837ರ ನಡುವೆ ಎರಕ ಹೊಯ್ದವು. ಒಂದೊಂದೂ ಎರಡು ಟನ್ ಆಸುಪಾಸು. ಅವುಗಳ ಮೈಮೇಲೆ ದೇಶದ ನದಿ, ಬೆಟ್ಟ, ಪ್ರಾಣಿ, ಮರ, ದೋಣಿಗಳ ಉಬ್ಬು ಚಿತ್ರ. ಅಲ್ಲೊಂದು ಆಟ ಆಡಿ: ಒಬ್ಬರು ಹಲಸು ಹುಡುಕಿ, ಇನ್ನೊಬ್ಬರು ಮಾವು ಹುಡುಕಿ. ಎರಡೂ ಇವೆ. ನಾವು ಅರ್ಧ ಗಂಟೆ ಒಂಬತ್ತೂ ಹಂಡೆ ಸುತ್ತಿದೆವು. ಇಡೀ ಅರಮನೆಯಲ್ಲಿ ನನಗೆ ಹೆಚ್ಚು ಇಷ್ಟವಾದ ಜಾಗ ಅದು.

ಬಟ್ಟೆಯ ಬಗ್ಗೆ ಒಂದು ಮಾತು. ಕೋಟೆಯ ಸುತ್ತ ‘ಆವೊ ಯಾಯ್’ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಉದ್ದ ಅಂಗಿ, ಒಳಗೆ ಪೈಜಾಮ. 1744ರಲ್ಲಿ ಇದೇ ಊರಿನ ಙುಯೆನ್ ಒಡೆಯರ ಆಸ್ಥಾನದಲ್ಲಿ ಈ ಉಡುಗೆಯ ಮೊದಲ ರೂಪ ಬಂತು. ಗಂಡಸರಿಗೂ ಇದೆ, ತಲೆಗೆ ಸುತ್ತು ಪೇಟವೂ ಕೊಡುತ್ತಾರೆ. ಅಲ್ಲಿಯ ದಂಪತಿಗಳೇ ಸಾಲು ಸಾಲಾಗಿ ಹಾಕಿಕೊಂಡು ಬರುವುದರಿಂದ ಮುಜುಗರ ಬೇಡ. ನನ್ನವರನ್ನು ಒಪ್ಪಿಸಲು ಹತ್ತು ನಿಮಿಷ ಹಿಡಿಯಿತು, ಬಿಚ್ಚಿಸಲು ಅದಕ್ಕಿಂತ ಜಾಸ್ತಿ ಹಿಡಿಯಿತು. ನೇರಳೆ ಬಣ್ಣ ಕೇಳಿ, ಅದು ಹ್ವೇಯ ಬಣ್ಣ.

10 ಗಂಟೆ: ಉಪ್ಪಿನ ಕಾಫಿ, ಆಮೇಲೆ ಮಾರುಕಟ್ಟೆ

ಪೂರ್ವದ ಬಾಗಿಲಿಂದ ಹೊರಬನ್ನಿ. ಹತ್ತಿರದ ಯಾವುದಾದರೂ ಕಾಫಿ ಅಂಗಡಿಯಲ್ಲಿ ‘ಕಾ ಫೆ ಮುಒಯ್’ ಕೇಳಿ. ಉಪ್ಪು ಸೇರಿಸಿದ ಹಾಲಿನ ಕೆನೆಯ ಮೇಲೆ ಕಪ್ಪು ಕಾಫಿ ತೊಟ್ಟು ತೊಟ್ಟಾಗಿ ಇಳಿಯುತ್ತದೆ, ತಳದಲ್ಲಿ ಗಟ್ಟಿ ಸಿಹಿ ಹಾಲು. 2010ರಲ್ಲಿ ಇದೇ ಊರಿನ ಒಂದು ಚಿಕ್ಕ ಅಂಗಡಿಯಲ್ಲಿ ಹುಟ್ಟಿದ್ದು, ಈಗ ದೇಶದ ತುಂಬ ಇದೆ. ವಿಯೆಟ್ನಾಂನ ಕಾಫಿ ಹೆಚ್ಚಾಗಿ ರೊಬಸ್ಟಾ. ಕೊಡಗು, ಚಿಕ್ಕಮಗಳೂರಿನ ಕಾಫಿ ಕುಡಿದು ಬೆಳೆದವರಿಗೆ ಮೊದಲ ಗುಟುಕು ಕಹಿ ಎನಿಸುತ್ತದೆ. ಉಪ್ಪು ಆ ಕಹಿಯ ಮೊನೆ ಮುರಿಯುತ್ತದೆ. ಕೆನೆ, ಕಾಫಿ ಎರಡನ್ನೂ ಪೂರ್ತಿ ಕಲಸಿ ಕುಡಿಯಿರಿ. ಕಲಸದೆ ಪದರ ಪದರವಾಗಿ ಕುಡಿದರೆ ಒಮ್ಮೆ ಬರೀ ಉಪ್ಪು, ಒಮ್ಮೆ ಬರೀ ಕಹಿ. ಅದನ್ನು ಇಳಿಸುವ ಪುಟ್ಟ ತಗಡಿನ ಫಿಲ್ಟರ್ ಮಾರುಕಟ್ಟೆಯಲ್ಲಿ ಸಿಗುತ್ತದೆ, ಮನೆಗೆ ತನ್ನಿ.

ದೋಂಗ್ ಬಾ ಮಾರುಕಟ್ಟೆಯಲ್ಲಿ ಒಂದು ಗಂಟೆಗಿಂತ ಜಾಸ್ತಿ ಬೇಡ. ಒಳಗೆ ಸೆಕೆ, ಇಕ್ಕಟ್ಟು. ಮೀನು, ಮಾಂಸದ ಸಾಲು ನಿಮಗೆ ಆಗದಿದ್ದರೆ ನದಿಯ ಕಡೆಯ ಬಾಗಿಲಲ್ಲೇ ಕೊಳ್ಳುವುದು ಮುಗಿಸಿ. ಎರಡು ವಸ್ತು ಹುಡುಕಿ. ಒಂದು ‘ಮೆ ಸುಂಗ್’, ಎಳ್ಳು, ಕಡಲೆಕಾಯಿ ಹಾಕಿದ ಮೆತ್ತನೆ ಮಿಠಾಯಿ. ಚಿಕ್ಕಿಯ ತಂಗಿ ಅನ್ನಬಹುದು, ಆದರೆ ಕಟುಂ ಎನ್ನುವುದಿಲ್ಲ, ಎಳೆಯುತ್ತದೆ. ಸಂಕ್ರಾಂತಿಗೆ ಎಳ್ಳು ಬೀರುವ ನಮಗೆ ಊರಿಗೆ ಒಯ್ಯಲು ಇದಕ್ಕಿಂತ ಒಳ್ಳೆಯದಿಲ್ಲ. ಇನ್ನೊಂದು, ಕವಿತೆಯ ಟೋಪಿ. ತಾಳೆಗರಿಯ ಶಂಕುವಿನಾಕಾರದ ಟೋಪಿಯ ಎರಡು ಪದರಗಳ ನಡುವೆ ಕಾಗದದಲ್ಲಿ ಕತ್ತರಿಸಿದ ಕವಿತೆಯ ಸಾಲು, ಸೇತುವೆಯ ಚಿತ್ರ ಇಟ್ಟಿರುತ್ತಾರೆ. ಕೈಯಲ್ಲಿ ಹಿಡಿದರೆ ಏನೂ ಕಾಣದು. ಬಿಸಿಲಿಗೆ ಎತ್ತಿ ಹಿಡಿದರೆ ನೆರಳಿನಲ್ಲಿ ಅಕ್ಷರ ಮೂಡುತ್ತದೆ. ಕೊಳ್ಳುವ ಮೊದಲು ಹಾಗೆ ಎತ್ತಿ ನೋಡಿ, ಒಳಗೆ ಏನೂ ಇಲ್ಲದ ಟೋಪಿಯೂ ಮಾರುತ್ತಾರೆ.

11:30: ಚಾಯ್ ಊಟ

ಮಧ್ಯಾಹ್ನ ಇಬ್ಬರೂ ಚಾಯ್ ಹೋಟೆಲಿಗೇ ಹೋಗಿ. ತಿನ್ನುವವರಿಗೂ ಇದು ಶಿಕ್ಷೆಯಲ್ಲ, ಹ್ವೇಯ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಹನ್ನೆರಡರ ಮೇಲೆ ಜನ ತುಂಬುತ್ತಾರೆ, ಅದಕ್ಕೇ ಹನ್ನೊಂದೂವರೆ.

ನಾವು ಹೇಳಿದ್ದು ಇವು. ಮೊದಲು ‘ಬಾನ್ ಬೆಯೊ’. ಅಂಗೈಗಿಂತ ಚಿಕ್ಕ ಪಿಂಗಾಣಿ ತಟ್ಟೆಗಳಲ್ಲಿ ಅಕ್ಕಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುತ್ತಾರೆ. ಒಂದು ದೊಡ್ಡ ತಟ್ಟೆಯಲ್ಲಿ ಹತ್ತು ಹನ್ನೆರಡು ಪುಟ್ಟ ತಟ್ಟೆ ಬರುತ್ತದೆ. ತಟ್ಟೆ ಇಡ್ಲಿಯ ಊರಿನವಳಾದ ನನಗೆ ಅದನ್ನು ಕಂಡು ಎಷ್ಟು ಪ್ರೀತಿ ಬಂತೆಂದರೆ, ತಿನ್ನುವುದು ಬಿಟ್ಟು ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ಇಡ್ಲಿಯ ಹಾಗೆ ಹುಳಿ ಬರಿಸಿದ್ದಲ್ಲ, ಉಬ್ಬಿರುವುದಿಲ್ಲ. ತೆಳ್ಳಗೆ, ನಯವಾಗಿ ಜಾರುತ್ತದೆ. ಮಾಮೂಲಿ ಅಂಗಡಿಯಲ್ಲಿ ಮೇಲೆ ಒಣ ಸೀಗಡಿ ಪುಡಿ, ಚಾಯ್‌ನಲ್ಲಿ ಬೇಯಿಸಿದ ಹೆಸರುಬೇಳೆ. ಸೋಯಾ ರಸ ಸುರಿದು ಚಮಚದಿಂದ ಸುತ್ತ ಬಿಡಿಸಿ ಒಂದೇ ಬಾಯಿಗೆ ಹಾಕಿಕೊಳ್ಳಿ.

ಆಮೇಲೆ ‘ಬಾನ್ ನಮ್’. ಅಕ್ಕಿ ಹಿಟ್ಟನ್ನು ಬಾಳೆ ಎಲೆಯಲ್ಲಿ ತೆಳ್ಳಗೆ ಹರಡಿ, ಮಡಿಸಿ, ಹಬೆಯಲ್ಲಿ ಬೇಯಿಸಿದ್ದು. ಎಲೆ ಬಿಡಿಸಿದಾಗ ಬರುವ ಪರಿಮಳ ನಾಗರ ಪಂಚಮಿಯ ಅರಿಶಿನ ಎಲೆ ಕಡುಬಿನ ಅಣ್ಣತಮ್ಮ. ‘ಬಾನ್ ಬೊತ್ ಲೊಕ್’ ಮರಗೆಣಸಿನ ಹಿಟ್ಟಿನದು. ಬೆಂದ ಸಾಬಕ್ಕಿಯ ಹಾಗೆ ಪಾರದರ್ಶಕ, ಒಳಗಿನ ಅಣಬೆ ಹೊರಗಿನಿಂದಲೇ ಕಾಣುತ್ತದೆ. ಎಳೆ ಹಲಸಿನಕಾಯಿಯ ಕೋಸಂಬರಿ ಥರದ್ದೊಂದು ಇದೆ, ಎಳ್ಳು, ಪುದೀನ ಥರದ ಸೊಪ್ಪು ಹಾಕಿದ್ದು. ಅದನ್ನು ಸುಟ್ಟ ಎಳ್ಳಿನ ಹಪ್ಪಳದಲ್ಲಿ ತೋಡಿ ತಿನ್ನಬೇಕು. ಇವರು ಅದಕ್ಕೆ ‘ಗುಜ್ಜೆ ಹಪ್ಪಳ’ ಎಂದೇ ಹೆಸರಿಟ್ಟರು. ಕೊನೆಗೆ ತಾವರೆ ಬೀಜ ಹಾಕಿ ತಾವರೆ ಎಲೆಯಲ್ಲಿ ಕಟ್ಟಿದ ಅನ್ನ. ಇಬ್ಬರಿಗೆ ಒಂದು ಸಾಕು.

ಪಟ್ಟಿಯಲ್ಲಿ ಕೋಳಿ, ಮೀನು, ಹಂದಿ ಎಂಬ ಹೆಸರು ಕಂಡರೆ ಹೆದರಬೇಡಿ. ಹೆಸರಿನ ಕೊನೆಗೆ ‘ಚಾಯ್’ ಇದ್ದರೆ ಅದು ಸೋಯಾ, ಅಣಬೆ, ಗೋಧಿಯಲ್ಲಿ ಮಾಡಿದ ನಕಲು. ರುಚಿ, ಅಗಿಯುವಾಗಿನ ಹದ ಎರಡೂ ಮಾಂಸದ ಹಾಗೇ ಇರುವುದರಿಂದ ನನಗೆ ಸೇರಲಿಲ್ಲ. ಕಟ್ಟುನಿಟ್ಟಿನ ಚಾಯ್ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಮಡಿ ಊಟ ಮಾಡುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಇದು ದೊಡ್ಡ ವಿಷಯ.

12:30ರಿಂದ 2:30: ಮಲಗಿ

ನಿಜವಾಗಿ ಹೇಳುತ್ತಿದ್ದೇನೆ. ಊರೇ ಮಲಗುತ್ತದೆ. ರೂಮಿಗೆ ಹೋಗಿ, ಸ್ನಾನ ಮಾಡಿ, ಕಣ್ಣು ಮುಚ್ಚಿ. ಮೊದಲ ಸಲ ನಾವು ಬಿಟ್ಟದ್ದು ಈ ಎರಡು ಗಂಟೆಯನ್ನು.

2:45: ಊದುಬತ್ತಿಯ ಬೀದಿ, ತು ದುಕ್ ರಾಜನ ಸಮಾಧಿ

ಗ್ರ್ಯಾಬ್ ಕಾರು ಹಿಡಿದು ಮೊದಲು ಥುಯ್ ಸ್ವಾನ್ ಎಂಬ ಊದುಬತ್ತಿಯ ಹಳ್ಳಿಗೆ ಹೋಗಿ. ಬಣ್ಣ ಬಣ್ಣದ ಕಡ್ಡಿಗಳನ್ನು ಕಟ್ಟುಕಟ್ಟಾಗಿ ಹೂವಿನ ಹಾಗೆ ಹರಡಿಟ್ಟಿರುತ್ತಾರೆ. ಫೋಟೋ ತೆಗೆದರೆ ಒಂದು ಕಟ್ಟಾದರೂ ಕೊಳ್ಳುವುದು ಮರ್ಯಾದೆ. ಚಕ್ಕೆಯ ಪರಿಮಳದ್ದು ಚೆನ್ನಾಗಿದೆ. ನಮ್ಮ ಊದುಬತ್ತಿ ಕಾರ್ಖಾನೆಗಳಿಗೂ ಈ ದೇಶಕ್ಕೂ ನಂಟಿದೆ. ವಿಯೆಟ್ನಾಂನ ಬಿದಿರು ಕಡ್ಡಿ, ಪರಿಮಳ ಹಾಕದ ಬತ್ತಿ ಭಾರತಕ್ಕೆ ರಾಶಿ ರಾಶಿ ಬರುತ್ತಿತ್ತು. 2019ರಲ್ಲಿ ಭಾರತ ಬತ್ತಿಯ ಆಮದಿಗೆ ತಡೆ ಹಾಕಿತು, ಮರುವರ್ಷ ಕಡ್ಡಿಯ ಮೇಲಿನ ಸುಂಕ ಏರಿಸಿತು.

ಆ ಬೀದಿಯ ಹೆಸರು ನೋಡಿ: ಹುಯೆನ್ ಟ್ರಾನ್ ರಾಜಕುಮಾರಿಯ ಬೀದಿ. 1306ರಲ್ಲಿ ಈ ಉತ್ತರದ ರಾಜಕುಮಾರಿಯನ್ನು ದಕ್ಷಿಣದ ಚಂಪಾ ರಾಜ್ಯದ ದೊರೆಗೆ ಮದುವೆ ಮಾಡಿಕೊಟ್ಟರು. ಆ ದೊರೆಯ ಹೆಸರು ಜಯಸಿಂಹವರ್ಮ! ಚಂಪಾದ ರಾಜರು ಸಂಸ್ಕೃತ ಹೆಸರಿಟ್ಟುಕೊಂಡ, ಶಿವನ ಗುಡಿ ಕಟ್ಟಿದ ರಾಜರು. ಮದುವೆಗೆ ವಧುದಕ್ಷಿಣೆಯಾಗಿ ಅವನು ಎರಡು ಪ್ರಾಂತ್ಯ ಬಿಟ್ಟುಕೊಟ್ಟ. ಈ ಹ್ವೇ ಇರುವ ನೆಲ ಅದರಲ್ಲಿ ಸೇರಿದ್ದು. ಮರುವರ್ಷವೇ ಅವನು ತೀರಿಕೊಂಡ. ನೀವು ನಡೆಯುತ್ತಿರುವುದು ಒಬ್ಬ ಹೆಣ್ಣುಮಗಳ ಮದುವೆಯಿಂದ ಬಂದ ನೆಲ ಎಂದು ಗೊತ್ತಿದ್ದರೆ ಆ ಬೀದಿ ಬೇರೆ ಥರ ಕಾಣುತ್ತದೆ.

ಇಲ್ಲಿಂದ ತು ದುಕ್ ಸಮಾಧಿ ಹತ್ತಿರ. ಟಿಕೆಟ್ 1,50,000 ಡಾಂಗ್. ಏಳು ಸಮಾಧಿಗಳಲ್ಲಿ ಇದನ್ನೇ ಯಾಕೆ ಹೇಳುತ್ತೇನೆ? ಖಾಯ್ ದಿನ್ ಸಮಾಧಿಯ ಒಳಗೋಡೆಯ ಪಿಂಗಾಣಿ, ಗಾಜಿನ ಚೂರಿನ ಕೆಲಸ ಕಣ್ಣು ಕುಕ್ಕುವಂಥದ್ದು, ನಿಜ. ಆದರೆ ಅದು ಬಿಸಿಲಿನ ಸಿಮೆಂಟು ಬೆಟ್ಟ. ಮಿನ್ ಮಾಂಗ್ ಸಮಾಧಿ ಚೆಂದ, ಆದರೆ ದೂರ. ತು ದುಕ್‌ನಲ್ಲಿ ಪೈನ್ ಮರಗಳ ನೆರಳಿದೆ, ತಾವರೆ ಕೊಳವಿದೆ, ಕೂತುಕೊಳ್ಳಲು ಜಾಗವಿದೆ. 1864ರಿಂದ 1867ರವರೆಗೆ ಕಟ್ಟಿಸಿ, ಬದುಕಿರುವಾಗಲೇ ರಾಜ ಇಲ್ಲಿಗೆ ಬಂದು ಇರುತ್ತಿದ್ದ. ಕೊಳದ ಮೇಲಿನ ಮರದ ಮಂಟಪದಲ್ಲಿ ಕೂತು ಕವಿತೆ ಬರೆಯುತ್ತಿದ್ದ. ನೀವೂ ಅಲ್ಲೇ ಕೂರಬಹುದು. ಈ ನೆಮ್ಮದಿಯ ಜಾಗ ಕಟ್ಟಿದವರು ಬಿಟ್ಟಿ ದುಡಿಮೆಯ ಕಷ್ಟ ತಾಳಲಾರದೆ 1866ರಲ್ಲಿ ದಂಗೆ ಎದ್ದಿದ್ದರು ಎಂಬುದೂ ನೆನಪಿರಲಿ.

ರಾಜನಿಗೆ ನೂರಕ್ಕೂ ಹೆಚ್ಚು ಹೆಂಡಿರು, ಸ್ವಂತ ಮಗು ಒಂದೂ ಇಲ್ಲ. ತಂದೆಯ ಗುಣಗಾನ ಬರೆಯಬೇಕಾದ ಮಗನಿಲ್ಲದ್ದರಿಂದ ಕಲ್ಲಿನ ಶಾಸನವನ್ನು ತಾನೇ ಬರೆದ. ಅದರಲ್ಲಿ ತನ್ನ ತಪ್ಪುಗಳನ್ನೂ ಬರೆದುಕೊಂಡಿದ್ದಾನೆ. ಆ ದೊಡ್ಡ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅವನ ದೇಹ ನಿಜವಾಗಿ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ.

ಸಮಯ ಉಳಿದರೆ ಹತ್ತಿರದ ತು ಹಿಯೆವ್ ಪಗೋಡಕ್ಕೆ ಹೋಗಿ. ಹೆಸರಾಂತ ಬೌದ್ಧ ಗುರು ಥಿಕ್ ನಾತ್ ಹಾನ್ ಹುಡುಗನಾಗಿ ಸನ್ಯಾಸಕ್ಕೆ ಸೇರಿದ್ದು, ಬಹಳ ವರ್ಷ ಹೊರದೇಶದಲ್ಲಿದ್ದು 2018ರಲ್ಲಿ ಮರಳಿ ಬಂದು 2022ರ ಜನವರಿಯಲ್ಲಿ ಕಣ್ಣು ಮುಚ್ಚಿದ್ದು ಇಲ್ಲೇ. ಸನ್ಯಾಸಿಗಳು ಇರುವ ಜಾಗ, ಮಾತು ಮೆಲ್ಲಗಿರಲಿ.

ಸಂಜೆ 5: ಥಿಯೆನ್ ಮು, ನದಿ

ಕಾರಿನಲ್ಲಿ ನದಿ ದಾಟಿ ಥಿಯೆನ್ ಮು ಪಗೋಡಕ್ಕೆ ಬನ್ನಿ. ಟಿಕೆಟ್ ಇಲ್ಲ. ಗುಡಿ ಶುರುವಾದದ್ದು 1601ರಲ್ಲಿ. ಏಳು ಅಂತಸ್ತಿನ ಗೋಪುರ 1844ರದು, ಎತ್ತರ 21 ಮೀಟರ್. ಹಿಂಭಾಗದಲ್ಲಿ ಒಂದು ಹಳೆಯ ನೀಲಿ ಆಸ್ಟಿನ್ ಕಾರಿದೆ. ಬೌದ್ಧರ ಮೇಲಿನ ದಬ್ಬಾಳಿಕೆ ವಿರೋಧಿಸಿ ಭಿಕ್ಷು ಥಿಕ್ ಕ್ವಾಂಗ್ ದುಕ್ 1963ರ ಜೂನ್ 11ರಂದು ಸೈಗಾನಿನ ನಡುಬೀದಿಯಲ್ಲಿ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟರು. ಅಲ್ಲಿಗೆ ಅವರು ಬಂದದ್ದು ಈ ಕಾರಿನಲ್ಲಿ. ಇದರ ಮುಂದೆ ನಗುತ್ತಾ ಸೆಲ್ಫಿ ಬೇಡ, ದಯವಿಟ್ಟು.

ಸೂರ್ಯ ಇಳಿಯುವಾಗ ಗೋಪುರದ ಮುಂದಿನ ಮೆಟ್ಟಿಲ ಮೇಲೆ ಕೂತರೆ ನದಿ ಪೂರ್ತಿ ಕಾಣುತ್ತದೆ. ಆ ನದಿಯ ಹೆಸರಿನ ಅರ್ಥ ಸುಗಂಧದ ನದಿ. ಕೆಳಗೆ ಡ್ರ್ಯಾಗನ್ ಮೂತಿಯ ದೋಣಿಗಳು ನಿಂತಿರುತ್ತವೆ. ಊರಿಗೆ ಅದರಲ್ಲೇ ಬನ್ನಿ. ದೋಣಿಗೆ ಎಷ್ಟು, ತಲೆಗೆ ಎಷ್ಟು ಎಂಬುದನ್ನು ಫೋನಿನಲ್ಲಿ ಅಂಕಿ ಒತ್ತಿ ತೋರಿಸಿ, ಒಪ್ಪಿದ ಮೇಲೆ ಹತ್ತಿ. ದೋಣಿಯ ಅಮ್ಮ ಒಳಗೇ ಪುಟ್ಟ ಅಂಗಡಿ ತೆರೆದು ಬಟ್ಟೆ, ಚಿತ್ರ ತೋರಿಸುತ್ತಾರೆ. ಬೇಡವಾದರೆ ನಗುತ್ತಾ ತಲೆ ಆಡಿಸಿದರೆ ಸಾಕು. ಕತ್ತಲಾದರೆ ದೋಣಿ ಸಿಗುವುದು ಕಷ್ಟ, ಆಗ ಕಾರೇ ಗತಿ.

7 ಗಂಟೆ: ರಾತ್ರಿ ಊಟ

ಈಗ ತಿನ್ನುವವರ ಸರದಿ. ‘ಬಾನ್ ಖ್ವಾಯ್’ ಎಂದರೆ ಅಕ್ಕಿ ಹಿಟ್ಟಿನ ಗರಿಗರಿ ದೋಸೆ. ಚಿಕ್ಕ ಬಾಣಲೆಯಲ್ಲಿ ಜಾಸ್ತಿ ಎಣ್ಣೆಯಲ್ಲಿ ಕಾಯಿಸಿ, ಸೀಗಡಿ, ಮಾಂಸ, ಮೊಳಕೆ ಹೆಸರುಕಾಳು ಹಾಕಿ ಮಡಿಸುತ್ತಾರೆ. ಇದರಲ್ಲಿ ಮೊಟ್ಟೆಯೂ ಇರುತ್ತದೆ. ಜೊತೆಗೆ ‘ನೆಮ್ ಲುಯ್’, ಮಜ್ಜಿಗೆ ಹುಲ್ಲಿನ ಕಡ್ಡಿಗೆ ಸುತ್ತಿ ಕೆಂಡದಲ್ಲಿ ಸುಟ್ಟ ಹಂದಿ ಮಾಂಸ. ಚಾಯ್ ದೋಸೆ ಮಾಡುವ ಅಂಗಡಿಗಳೂ ಇವೆ, ಅಣಬೆ, ಮೊಳಕೆಕಾಳು ಹಾಕಿದ್ದು. ಆದರೆ ಎಚ್ಚರ: ದೋಸೆಯ ಜೊತೆ ಬರುವ ಕಡಲೆಕಾಯಿ ಗೊಜ್ಜಿನಲ್ಲಿ ಹಂದಿಯ ಯಕೃತ್ ಅರೆದಿರುತ್ತಾರೆ. ನೋಡಲು ನಮ್ಮ ಶೇಂಗಾ ಚಟ್ನಿಯೇ. ಬೇರೆ ಗೊಜ್ಜು ಕೇಳಿ, ಇಲ್ಲದಿದ್ದರೆ ಬರೀ ಸೋಯಾ ರಸದಲ್ಲಿ ಅದ್ದಿ.

8:30: ಸೇತುವೆ, ಪಾಯಸ

ಟ್ರುವಾಂಗ್ ತಿಯೆನ್ ಸೇತುವೆ 1899ರಲ್ಲಿ ತೆರೆದದ್ದು. ಆರು ಕಮಾನು, 400 ಮೀಟರ್ ಉದ್ದ. ರಾತ್ರಿ ಬಣ್ಣದ ದೀಪ ಹಾಕುತ್ತಾರೆ. ಸೇತುವೆಯ ಮೇಲೆ ನಡೆಯುವುದಕ್ಕಿಂತ ದಕ್ಷಿಣ ದಡದ ಮರದ ಹಲಗೆಯ ಕಾಲುದಾರಿಯಲ್ಲಿ ನಡೆಯುವುದು ನನಗಿಷ್ಟ. ನೀರಿನಲ್ಲಿ ಆರೂ ಕಮಾನು ತಲೆಕೆಳಗಾಗಿ ಕಾಣುತ್ತವೆ.

ಕೊನೆಗೆ ‘ಚೆ’. ನಮ್ಮ ಪಾಯಸ, ಇನ್ನೇನೂ ಅಲ್ಲ. ಓಣಿಯೊಳಗಿನ ಅಂಗಡಿಗಳಲ್ಲಿ ಹತ್ತು ಹದಿನೈದು ಪಾತ್ರೆ ಸಾಲಾಗಿ ಇಟ್ಟಿರುತ್ತಾರೆ. ತಾವರೆ ಬೀಜದ್ದು, ಹೆಸರುಬೇಳೆಯದ್ದು, ಜೋಳದ್ದು, ನೇರಳೆ ಗೆಣಸಿನದ್ದು. ಮೇಲೆ ತೆಂಗಿನ ಹಾಲು. ಬಿಸಿ ಬೇಕೋ, ಐಸ್ ಹಾಕಬೇಕೋ ಕೇಳುತ್ತಾರೆ. ಬೆರಳು ತೋರಿಸಿ ಆರಿಸಬಹುದು, ಆದರೆ ಒಂದನ್ನು ಬಿಟ್ಟು. ಸಕ್ಕರೆ ನೀರಿನಲ್ಲಿ ತೇಲುವ ಗಾಜಿನಂಥ ಉಂಡೆಗಳು ಕಂಡರೆ ‘ಚಾಯ್?’ ಎಂದು ಕೇಳಿ. ಹ್ವೇಯಲ್ಲಿ ಆ ಉಂಡೆಯೊಳಗೆ ಹುರಿದ ಹಂದಿ ಮಾಂಸ ಇಡುವ ಪದ್ಧತಿಯಿದೆ. ಇವರು ಅದನ್ನೇ ತಿಂದರು, ನಾನು ಹೆಸರುಬೇಳೆಯದ್ದು ಎರಡು ಲೋಟ.

ಮರುದಿನ ದಾನಾಂಗ್‌ಗೆ ಹೋಗುವವರು ಬಸ್ಸು ಬಿಟ್ಟು ರೈಲು ಹಿಡಿಯಿರಿ. ಸುಮಾರು 100 ಕಿಲೋಮೀಟರ್, ಎರಡೂವರೆಯಿಂದ ಮೂರು ಗಂಟೆ. ಹಾಯ್ ವಾನ್ ಘಟ್ಟದಲ್ಲಿ ಹಳಿ ಸಮುದ್ರದ ಅಂಚಿನಲ್ಲೇ ಹೋಗುತ್ತದೆ. ಹ್ವೇಯಿಂದ ಹೊರಡುವಾಗ ಸಮುದ್ರ ಎಡಕ್ಕೆ. ಟಿಕೆಟ್ ಮಾಡಿಸುವಾಗಲೇ ಎಡಗಡೆಯ ಎರಡು ಸೀಟು ಕೇಳಿ. ಕಿಟಕಿ ಯಾರಿಗೆ ಎಂಬುದನ್ನು ಹಿಂದಿನ ರಾತ್ರಿಯೇ ಮಾತಾಡಿಕೊಳ್ಳಿ.